ಮೊದಲ ದಿನ ಬಾಗಿಲಲ್ಲೇ ಅತ್ತರೆ?

ಎಲ್‌ಕೆಜಿ ಮೊದಲ ದಿನ ಮಗಳು ಬಾಗಿಲಲ್ಲೇ ಅತ್ತರೆ ನಿಲ್ಲಬೇಕಾ, ಹೊರಟುಬಿಡಬೇಕಾ ಅಂತ ಕೇಳಿದ್ದೀರಿ. ಹೊರಡಿ, ಆದರೆ ಹೇಳಿ ಹೊರಡಿ. ಆಟದಲ್ಲಿ ಮುಳುಗಿದ್ದಾಗ ಸುಮ್ನೆ ಕಣ್ತಪ್ಪಿಸಿ ಹೋದರೆ ಮರುದಿನ ನಿಮ್ಮ ಕೈ ಬಿಡುವುದೇ ಇಲ್ಲ, ಯಾವಾಗ ಮಾಯವಾಗುತ್ತೀರೋ ಅನ್ನೋ ಭಯಕ್ಕೆ ಆಟವೂ ಬೇಡವಾಗುತ್ತದೆ. ಒಂದು ಮುತ್ತು, ‘ಊಟ ಆದ ಮೇಲೆ ಬರ್ತೀನಿ’ ಅನ್ನೋ ಮಾತು, ಅಷ್ಟು ಸಾಕು. ಈ ವಯಸ್ಸಿಗೆ ‘12.30ಕ್ಕೆ’ ಅಂದರೆ ಏನೂ ತಿಳಿಯುವುದಿಲ್ಲ, ಅಲ್ವಾ? ಹೇಳಿದ ಹೊತ್ತಿಗೆ ಮಾತ್ರ ತಪ್ಪದೆ ಹೋಗಿ.

ಅಕ್ಷರ ತಿದ್ದಿಸೋದು ಈಗ ಬೇಡ. ಡಬ್ಬಿ ಮುಚ್ಚಳ ತೆಗೆಯೋದು, ಚಡ್ಡಿ ತಾನೇ ಏರಿಸಿಕೊಳ್ಳೋದು, ‘ಮಿಸ್, ಸುಸು ಬಂತು’ ಅಂತ ಬಾಯಿಬಿಟ್ಟು ಹೇಳೋದು ಕಲಿಸಿ, ಮಕ್ಕಳು ಜಾಸ್ತಿ ಒದ್ದಾಡೋದು ಅಲ್ಲೇ. ಹಾಂ, ಹೊಸ ಶೂ ಮನೆಯಲ್ಲೇ ನಾಲ್ಕು ದಿನ ಹಾಕಿಸಿ, ಕಚ್ಚುತ್ತದೆ.