ಬ್ರಿಟನ್, ಅಮೆರಿಕ ಟಿ.ವಿ.ಗಳಲ್ಲಿ ಬೈಗುಳ: ಯಾರದು ಹೆಚ್ಚು ಬಿಗಿ?

ಇಂಗ್ಲಿಷ್ ಧಾರಾವಾಹಿಗಳಲ್ಲಿ ಅಳಿಸಬೇಕಾದ ಬೈಗುಳ ಗುರುತಿಸುವ ಕೆಲಸಕ್ಕೆ ಸೇರುತ್ತಿರುವ ನೀವು, ಬ್ರಿಟನ್ ಹೆಚ್ಚು ಬಿಗಿಯೋ ಅಮೆರಿಕವೋ ಎಂದು ಕೇಳಿದ್ದೀರಿ. ಬೆಂಗಳೂರಿನ ಒಂದು ಕಚೇರಿಯಲ್ಲಿ ನಾನೂ ಇದೇ ಪ್ರಶ್ನೆಯಿಂದ ಆರಂಭಿಸಿದ್ದೆ; ಸಿಕ್ಕಿದ ಸುಲಭದ ಉತ್ತರವನ್ನು ನಂಬಿ ಕೆಟ್ಟೆ.

ಮೊದಲ ಎರಡು ವರ್ಷ ನೋಡಿದ್ದೆಲ್ಲ ಬ್ರಿಟಿಷ್ ಕಾರ್ಯಕ್ರಮಗಳು. ಅಲ್ಲಿ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ನಿಯಮದಂತೆ, ರಾತ್ರಿ 9ರಿಂದ ಬೆಳಿಗ್ಗೆ 5.30ರವರೆಗೆ, ಸಂದರ್ಭಕ್ಕೆ ತಕ್ಕುದಾಗಿದ್ದರೆ, ಕಟುವಾದ ಬೈಗುಳಕ್ಕೂ ಅವಕಾಶವುಂಟು. ಅಮೆರಿಕದಲ್ಲಿ ಅಂಥ ಅವಧಿ ರಾತ್ರಿ 10ರಿಂದ ಬೆಳಿಗ್ಗೆ 6 ಎಂದು ಓದಿಕೊಂಡು, ಗಡಿಯಾರವೊಂದನ್ನು ನೋಡಿದರೆ ಸಾಕೆಂದುಕೊಂಡೆ.

ಆಗ ಅಮೆರಿಕದ ಧಾರಾವಾಹಿಯೊಂದು ಬಂತು. ಅದರ ವೇಳಾಪಟ್ಟಿಯಲ್ಲಿ ಪ್ರಸಾರದ ಸಮಯ ‘10/9ಸಿ’ ಎಂದಿತ್ತು. ಆ ‘9ಸಿ’ ಯಾವುದೋ ಕಡತದ ಸಂಖ್ಯೆಯಿರಬೇಕೆಂದು ಊಹಿಸಿ, 10 ಗಂಟೆಯ ಕಾರ್ಯಕ್ರಮವೆಂದೇ ತಿಳಿದು, ಒಂದು ಕಟುವಾದ ಪದವನ್ನು ಗುರುತು ಹಾಕದೆ ಬಿಟ್ಟೆ. ವಾಸ್ತವದಲ್ಲಿ ‘ಸಿ’ ಎಂದರೆ ಸೆಂಟ್ರಲ್, ಅಂದರೆ ಅಮೆರಿಕ ದೇಶದ ನಡುಭಾಗದ ಕಾಲವಲಯ. ನ್ಯೂಯಾರ್ಕಿನಲ್ಲಿ 10 ಗಂಟೆಗೆ ಕಾಣುವ ಕಾರ್ಯಕ್ರಮ ಅದೇ ಕ್ಷಣದಲ್ಲಿ ಚಿಕಾಗೋದಲ್ಲಿ 9ಕ್ಕೆ ಕಾಣುತ್ತದೆ; ಕಾನೂನು ಲೆಕ್ಕ ಹಿಡಿಯುವುದು ಆಯಾ ಊರಿನ ಗಂಟೆಯನ್ನು. ಅಂದರೆ ದೇಶದ ಒಂದು ಭಾಗಕ್ಕೆ ಸಲ್ಲುವ ಪದ ಇನ್ನೊಂದು ಭಾಗಕ್ಕೆ ಅಪರಾಧ, ಮತ್ತು 2006ರ ಕಾಯ್ದೆಯ ಬಳಿಕ ಒಂದೊಂದು ಉಲ್ಲಂಘನೆಗೆ ದಂಡ 3,25,000 ಡಾಲರ್‌ವರೆಗೆ ಏರಬಹುದಿತ್ತು. ಪ್ರಸಾರಕ್ಕೆ ಮುನ್ನವೇ ಆ ವಾಹಿನಿಯ ಕಡೆಯವರು ತಪ್ಪನ್ನು ಕಂಡುಹಿಡಿದರು. ಆದರೆ ಆ ಧಾರಾವಾಹಿಯ ಕೆಲಸ ನಮ್ಮ ತಂಡದ ಕೈತಪ್ಪಿತು. ಆ ಎರಡು ಅಕ್ಷರಗಳ ಅರ್ಥವನ್ನು ಯಾರನ್ನಾದರೂ ಕೇಳಿದ್ದರೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಹೊರಟಿದೆ. ಅಮೆರಿಕದಲ್ಲಿ ಈ ನಿಯಮ ಆಂಟೆನಾಗೆ ಸಿಗುವ ವಾಹಿನಿಗಳಿಗಷ್ಟೇ ಅನ್ವಯ. ಹಣ ಕೊಟ್ಟು ಪಡೆಯುವ ಕೇಬಲ್ ವಾಹಿನಿಗಳಿಗಲ್ಲ. 1973ರಲ್ಲಿ ನ್ಯೂಯಾರ್ಕಿನ ರೇಡಿಯೊ ಕೇಂದ್ರವೊಂದು ಜಾರ್ಜ್ ಕಾರ್ಲಿನ್ ಅವರ ಬೈಗುಳಗಳ ಹಾಸ್ಯಭಾಷಣವನ್ನು ಹಾಡಹಗಲಲ್ಲಿ ಬಿತ್ತರಿಸಿದಾಗ, ಮಗನೊಡನೆ ಕಾರಿನಲ್ಲಿ ಅದನ್ನು ಕೇಳಿದ ತಂದೆಯೊಬ್ಬರು ದೂರು ಕೊಟ್ಟರು. ಗಾಳಿಯಲ್ಲಿ ಬರುವ ಮಾತು ಕರೆಯದೆ ಮನೆಯೊಳಗೆ ನುಗ್ಗುತ್ತದೆ, ಮಕ್ಕಳಿಗೂ ಸುಲಭವಾಗಿ ತಲುಪುತ್ತದೆ ಎಂಬ ಕಾರಣ ನೀಡಿ 1978ರಲ್ಲಿ ಸುಪ್ರೀಂ ಕೋರ್ಟ್ ನಿಯಂತ್ರಣವನ್ನು ಎತ್ತಿಹಿಡಿಯಿತು. ಹೀಗಾಗಿ ಒಂದೇ ದೇಶ, ಒಂದೇ ಟಿ.ವಿ.ಯ ಪರದೆ, ಪಕ್ಕಪಕ್ಕದ ಎರಡು ವಾಹಿನಿಗಳಿಗೆ ಎರಡು ನ್ಯಾಯ.

ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ಹೊರಡಬೇಡಿ. ಬ್ರಿಟನ್ನಿನಲ್ಲಿ ಸೌಮ್ಯ ಬೈಗುಳವೆನಿಸುವ ‘ಬ್ಲಡಿ’ ಹೆಚ್ಚಿನ ಅಮೆರಿಕನ್ನರ ಕಿವಿಗೆ ಬೈಗುಳವೆಂದೇ ಕೇಳುವುದಿಲ್ಲ; ಅಂಥ ಪಟ್ಟಿ ಒಂದು ತೀರದಲ್ಲಷ್ಟೇ ಉಪಯೋಗಕ್ಕೆ ಬರುತ್ತದೆ. ಕಡತ ಕೈಗೆ ಬಂದೊಡನೆ, ಧ್ವನಿ ಕೇಳುವುದಕ್ಕೂ ಮೊದಲು, ಇದು ಯಾವ ಬಗೆಯ ವಾಹಿನಿ, ಯಾವ ಯಾವ ಊರಿನಲ್ಲಿ ಎಷ್ಟು ಗಂಟೆಗೆ ಕಾಣುತ್ತದೆ ಎಂಬುದನ್ನು ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.