ಮಾಡೆಲ್ ಆಮೇಲೆ, ಮೊದಲು ಏನು ರೆಕಾರ್ಡ್ ಮಾಡ್ತೀರಿ ಅಂತ ನೋಡಿ

ಮಿನಿಡಿಸ್ಕ್ (ಪ್ಲಾಸ್ಟಿಕ್ ಗೂಡಿನೊಳಗಿರುವ, ಧ್ವನಿ ಬರೆದು ಅಳಿಸಬಹುದಾದ ಪುಟ್ಟ ಡಿಸ್ಕ್) ನಿಮಗೆ ಹೊಸದು, ಹಳೆಯದೊಂದು ಪೋರ್ಟಬಲ್ ರೆಕಾರ್ಡರ್ ತಗೊಳ್ಳಬೇಕು, ಯಾವ ಮಾಡೆಲ್ ಒಳ್ಳೆಯದು ಅಂತ ಕೇಳಿದ್ದೀರಿ. ಅದಕ್ಕೂ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಡಿಸ್ಕ್‌ಗೆ ಕಂಪ್ಯೂಟರ್‌ನಲ್ಲಿರುವ ಹಾಡು ತುಂಬಿಸ್ತೀರಾ, ಇಲ್ಲಾ ಮೈಕ್ ಇಟ್ಟು ಎದುರಿನ ಮಾತು, ಸಂಗೀತ ಹಿಡೀತೀರಾ?

ಬರೀ ಹಾಡು ಸಾಕು ಅಂದರೆ ನೆಟ್‌ಎಂಡಿ ಇರುವ ಯಂತ್ರ ನೋಡಿ. ಇದು 2001ರಲ್ಲಿ ಬಂತು. ಯುಎಸ್‌ಬಿ ವೈರ್ ಚುಚ್ಚಿದರೆ ಹಾಡು ನೇರ ಡಿಸ್ಕ್‌ಗೆ ಹೋಗುತ್ತದೆ. ಹಳೇ ಸಾಫ್ಟ್‌ವೇರ್ ಹುಡುಕಿಕೊಂಡು ಅಲೆಯಬೇಕಿಲ್ಲ. ಹಾಡು ಕಳಿಸುವ ವೆಬ್ ಮಿನಿಡಿಸ್ಕ್ ಪ್ರೊ ಅನ್ನುವ ಆ್ಯಪ್ ಕ್ರೋಮ್ ಬ್ರೌಸರ್‌ನಲ್ಲೇ ನಡೆಯುತ್ತದೆ.

ಸೋನಿ ಯಂತ್ರವಾದರೆ ಹೆಸರಲ್ಲೇ ಸುಳಿವು ಇರುತ್ತದೆ. ಎಂಝಡ್ (MZ) ಆದ ಮೇಲೆ ಇ (E) ಇದ್ದರೆ ಅದು ಪ್ಲೇಯರ್ ಮಾತ್ರ, ರೆಕಾರ್ಡ್ ಆಗುವುದಿಲ್ಲ. ಆರ್ ಇದ್ದರೆ ರೆಕಾರ್ಡರ್, ಎನ್ ಇದ್ದರೆ ನೆಟ್‌ಎಂಡಿ. ಎನ್‌ಎಚ್, ಆರ್‌ಎಚ್ ಇದ್ದರೆ 2004ರಿಂದ ಈಚೆಗಿನ ಹೈ-ಎಂಡಿ, ಅಂದರೆ ಹೆಚ್ಚು ಹಿಡಿಸುವ ಮುಂದಿನ ಪೀಳಿಗೆಯ ಮಿನಿಡಿಸ್ಕ್. ಆದರೂ ಹೆಸರು ನಂಬಿ ಕೂರಬೇಡಿ. ಎಂಝಡ್-ಎನ್ಇ410ಕ್ಕೆ ಯುಎಸ್‌ಬಿ ಒಂದೇ ದಾರಿ, ಮೈಕ್ ಜಾಕ್ ಇಲ್ಲ. ಎಂಝಡ್-ಎನ್707ಕ್ಕೆ ಇದೆ. ಫೋಟೋದಲ್ಲಿ ಜಾಕ್‌ಗಳ ಪಕ್ಕ ಬರೆದಿರುವುದನ್ನು ಓದಿ.

ಮೈಕ್ ಕೆಲಸವೇ ಮುಖ್ಯ ಅಂದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಮೈಕ್ ಜಾಕ್ ಇರುವ ಹೈ-ಎಂಡಿ ತಗೊಳ್ಳಿ ಅನ್ನುತ್ತೇನೆ. 1 ಜಿಬಿ ಡಿಸ್ಕ್‌ನಲ್ಲಿ 94 ನಿಮಿಷ, ಒಂಚೂರೂ ಕುಗ್ಗಿಸದ ಪಿಸಿಎಂ ಧ್ವನಿ ಹಿಡಿಯುತ್ತದೆ. ಆಮೇಲೆ ಅದನ್ನು ಯುಎಸ್‌ಬಿಯಲ್ಲೇ ಕಂಪ್ಯೂಟರ್‌ಗೆ ತರಬಹುದು.

ಈಗ ನಾನು ಏಟು ತಿಂದ ವಿಷಯ. ನನ್ನ ಮೊದಲ ಯಂತ್ರ ಚೆನ್ನಾಗಿ ಹಾಡುತ್ತಿತ್ತು. ಮಾರಿದವರು ಹಾಡು ಕೇಳಿಸಿಯೇ ಕೊಟ್ಟಿದ್ದರು. ಮನೆಗೆ ತಂದು ರೆಕಾರ್ಡ್ ಮಾಡಿದೆ, ಪರದೆಯ ಮೇಲೆ ನಿಮಿಷ ಓಡಿತು, ಕೇಳಿದರೆ ಸದ್ದೇ ಇಲ್ಲ. ಕಾರಣ ಇಷ್ಟು: ಹಾಡು ಕೇಳಲು ಲೇಸರ್ ಒಂದಿದ್ದರೆ ಸಾಕು. ಬರೆಯಬೇಕಾದರೆ ಕೆಳಗಿನಿಂದ ಲೇಸರ್ ಡಿಸ್ಕನ್ನು ಕಾಯಿಸಬೇಕು, ಮೇಲಿನಿಂದ ಕಾಂತದ ಹೆಡ್ ಅದನ್ನು ಮುಟ್ಟಬೇಕು. ತೆಳ್ಳಗಿನ ಆ ಹೆಡ್ ಬಾಗಿದ್ದರೂ ಹಾಡು ಸುಗಮವಾಗಿ ಕೇಳಿಸುತ್ತಲೇ ಇರುತ್ತದೆ.

ಅದಕ್ಕೇ, ಎರಡು ನಿಮಿಷ ರೆಕಾರ್ಡ್ ಮಾಡಿ ತೋರಿಸಿ ಅಂತ ಸಂಕೋಚವಿಲ್ಲದೆ ಕೇಳಿ. ಸ್ಟಾಪ್ ಒತ್ತಿದ ಮೇಲೆ ಪರದೆಯಲ್ಲಿ 'ಟಿಒಸಿ ಎಡಿಟ್' ಅಂತ ಮಿನುಗುತ್ತದೆ. ಯಾವ ಹಾಡು ಎಲ್ಲಿದೆ ಅನ್ನುವ ಪಟ್ಟಿಯನ್ನು ಅದು ಬರೆಯುತ್ತಿರುವ ಹೊತ್ತು ಅದು. ಮುಗಿಯುವವರೆಗೆ ಬ್ಯಾಟರಿ ಮುಟ್ಟಬಾರದು. ಆಮೇಲೆ ಡಿಸ್ಕ್ ಹೊರಗೆ ತೆಗೆದು, ಮತ್ತೆ ಹಾಕಿ ಕೇಳಿ. ಧ್ವನಿ ಬಂದರೆ ಧೈರ್ಯವಾಗಿ ತಗೊಳ್ಳಿ.

ಬ್ಯಾಟರಿ ಗೂಡನ್ನೂ ತೆರೆದು ನೋಡಿ. ಹಲವು ಯಂತ್ರಗಳಿಗೆ ಚ್ಯೂಯಿಂಗ್ ಗಮ್ ಪಟ್ಟಿಯಂಥ ಚಪ್ಪಟೆ ಬ್ಯಾಟರಿ ಬೇಕು. ಅದು ಸೋರಿದ್ದರೆ ಒಳಗೆ ಬಿಳಿ, ಹಸಿರು ಪುಡಿ ಕಟ್ಟಿರುತ್ತದೆ. ಮಾಮೂಲಿ ಎಎ ಸೆಲ್ ಹಾಕುವ ಮಾಡೆಲ್ ಸಿಕ್ಕರೆ ಆ ತಲೆನೋವೇ ಇಲ್ಲ.

ಖಾಲಿ ಡಿಸ್ಕ್ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಅದಕ್ಕೆ ಹೆದರಬೇಡಿ, ಯಾರೋ ಬಳಸಿದ 74 ಅಥವಾ 80 ನಿಮಿಷದ ಡಿಸ್ಕನ್ನೇ ಅಳಿಸಿ ಮತ್ತೆ ಮತ್ತೆ ಬರೆಯಬಹುದು. ಅಂಚಿನ ಪುಟ್ಟ ಲಾಕ್ ತೆರೆದಿದ್ದರೆ ಮಾತ್ರ ಅದು ಬರೆಯಲು ಬಿಡುವುದಿಲ್ಲ, ಉಗುರಿನಿಂದ ಸರಿಸಿ ಮುಚ್ಚಿ.