ಒಬ್ಬರ ಪ್ರಶ್ನೆ: ಮಳೆಯಲ್ಲಿ ನನ್ನ 2009ರ ಪೋರ್ಷೆ ಬಾಕ್ಸ್‌ಸ್ಟರ್ ಕಾರಿನ ಹಿಂಭಾಗ ಜಾರುತ್ತೆ. ಅಲೈನ್‌ಮೆಂಟ್ ಎರಡು ಸಲ ಆಯ್ತು. ಶಾಕ್ ಅಬ್ಸಾರ್ಬರ್ ಬದಲಿಸಲಾ, ಹಿಂದೆ ದಪ್ಪ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯೋ ಸರಳು) ಹಾಕಿಸಲಾ?

ಎರಡೂ ಬೇಡ. ಹಿಂದಿನ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಡಿಒಟಿ (DOT) ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. ಟೈರ್ ತಯಾರಾದ ವಾರ, ವರ್ಷ ಅದು. ಹೊರಗಡೆ ಕಾಣದಿದ್ದರೆ ಅದು ಒಳಬದಿಯಲ್ಲಿರುತ್ತೆ, ಮೊಬೈಲ್ ತೂರಿಸಿ ಫೋಟೊ ತೆಗೀರಿ.

ಪ್ರಶ್ನೆಯ ಕೊನೆಯಲ್ಲಿ "ಮುಂದಿನ ಎರಡು ಟೈರ್ ಹೊಸದು, ಹಿಂದಿನದರಲ್ಲಿ ಇನ್ನೂ ಒಳ್ಳೆ ಬಟನ್ ಇದೆ" ಅಂತ ಬರೆದಿದ್ದೀರಲ್ಲ, ನಾನು ಓದಿದ್ದು ಅಷ್ಟೇ. ಉಳಿದದ್ದು ನನಗೆ ಗೊತ್ತಿರೋ ಕತೆ.

ನನ್ನದೂ ಅದೇ 987 (ನಿಮ್ಮ ಬಾಕ್ಸ್‌ಸ್ಟರ್ ಪೀಳಿಗೆಯ ಸಂಖ್ಯೆ), 18 ಇಂಚಿನ ಚಕ್ರ. ಮುಂದೆ 235/40, ಹಿಂದೆ 265/40. ಮುಂದಿನ ಟೈರುಗಳ ಒಳಅಂಚು ಸವೆದು ಗುಂಯ್ ಅನ್ನೋಕೆ ಶುರುವಾಗಿತ್ತು. ಅಂಗಡಿಯಲ್ಲಿ ಮುಂದಿನ ಸೈಜ್ ಇತ್ತು, ಹಿಂದಿನದನ್ನು ತರಿಸಬೇಕಿತ್ತು. ಹಿಂದೆ ಅಳೆದು ನೋಡಿದರೆ 5 ಮಿ.ಮೀ. ಬಟನ್, ಅಂದರೆ ಟೈರಿನ ಮೇಲ್ಮೈಯ ಗೀರುಗಳ ಆಳ. ಕಾನೂನಿನ ಮಿತಿ 1.6 ಮಿ.ಮೀ., ಹಾಗಾಗಿ ಇನ್ನೊಂದು ಮಳೆಗಾಲ ಧಾರಾಳ ಅಂದುಕೊಂಡು ಮುಂದೆ ಮಾತ್ರ ಹೊಸದು ಹಾಕಿಸಿದೆ. ತಪ್ಪಾಗಿದ್ದು ಅಲ್ಲೇ.

ಮೂರು ವಾರ ಒಣ ರಸ್ತೆಯಲ್ಲಿ ಕಾರು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಓಡಿತು, ಸ್ಟೀರಿಂಗ್ ಮುಟ್ಟಿದರೆ ಸಾಕು ತಿರುಗ್ತಿತ್ತು. ಜುಲೈಯಲ್ಲಿ ಶಿರಾಡಿ ಘಾಟಿ ಇಳಿಯುವಾಗ, ಮಾರನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ, ಜಿನುಗು ಮಳೆ, ಮೂರನೇ ಗೇರು, 60ರ ಆಸುಪಾಸು. ಬಲ ತಿರುವು ನಾನು ಎಣಿಸಿದ್ದಕ್ಕಿಂತ ಬಿಗಿಯಾಯ್ತು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ. ಪಿಎಸ್ಎಂ (ಕಾರು ಜಾರದಂತೆ ತಾನಾಗಿ ತಡೆಯೋ ಪೋರ್ಷೆ ವ್ಯವಸ್ಥೆ) ದೀಪ ಮಿಣುಕಿತು, ಹಿಂಭಾಗ ಸುತ್ತಿ ಬಂತು, ಎಡ ಹಿಂದಿನ ಚಕ್ರ ಚರಂಡಿಯ ಕಾಂಕ್ರೀಟ್ ಅಂಚಿಗೆ ಬಡಿಯಿತು. ರಿಮ್ ಬಾಗಿತು, ಚಕ್ರದ ದಿಕ್ಕನ್ನು ಹಿಡಿದಿಡೋ ಟೋ ಲಿಂಕ್ ಬಾಗಿತು, ಟೈರ್ ಹರಿಯಿತು. ಉಳಿಸೋಕೆ ಹೋದ ಎರಡು ಟೈರನ್ನು ಕೊನೆಗೆ ಕೊಂಡೇಬಿಟ್ಟೆ, ಜೊತೆಗೆ ಇಷ್ಟೆಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಯಾರಿಗೆ ಹೇಳಿದರೂ "ಮುಂದೆ ಹೊಸ ಟೈರ್ ಹಾಕಿದರೆ ಕಾರು ಕೆಡೋದು ಹೇಗೆ?" ಅಂತಾರೆ. ನಾಲ್ಕೂ ಟೈರ್ ಹಳೆಯದಾಗಿದ್ದಾಗ ಮಳೆಯಲ್ಲಿ ಮೊದಲು ಜಾರ್ತಿದ್ದದ್ದು ಮೂತಿ. ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗಲ್ಲ, ಹೆದರಿಕೆ ಆಗುತ್ತೆ, ನಿಧಾನ ಮಾಡ್ತೀರಿ, ಕಾರು ತಾನಾಗಿ ಸರಿಹೋಗುತ್ತೆ. ಮೂತಿ ನಿಮಗೆ ಎಚ್ಚರಿಕೆ ಕೊಡ್ತಿತ್ತು. ಹೊಸ ಟೈರ್ ಹಾಕಿದ ದಿನ ಆ ಎಚ್ಚರಿಕೆ ನಿಂತುಹೋಯ್ತು. ಮೂತಿ ಈಗ ಕಚ್ಚಿಕೊಂಡು ಒಳಗೆ ತಿರುಗುತ್ತೆ, ಅಷ್ಟೇ ಜೋರಾಗಿ ಹಿಂಬಾಲಿಸೋ ಶಕ್ತಿ ಹಿಂದಿನ ಟೈರಿಗೆ ಇಲ್ಲ. ಅದರ ಮೇಲೆ ಇಳಿಜಾರು. ಭಾರ ಮೊದಲೇ ಮುಂದಕ್ಕೆ ವಾಲಿರುತ್ತೆ. ಕಾಲು ತೆಗೆದರೆ ಇನ್ನಷ್ಟು ಮುಂದಕ್ಕೆ ಹೋಗುತ್ತೆ, ಎಂಜಿನ್ ಬ್ರೇಕಿಂಗ್ ಮಾತ್ರ ಪೂರ್ತಿ ಹಿಂದಿನ ಎರಡು ಚಕ್ರದ ಮೇಲೆ ಬೀಳುತ್ತೆ. ಎಂಜಿನ್ ನಡುವೆ ಇರೋ ಕಾರು ಸುತ್ತೋಕೆ ಶುರುವಾದರೆ ಬುಗುರಿ ಥರ, ಸರಿಪಡಿಸೋಕೆ ಸಮಯ ಸಿಗಲ್ಲ. ಪಿಎಸ್ಎಂ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಬಲ್ಲದು, ಇಲ್ಲದ ಹಿಡಿತವನ್ನು ತಂದುಕೊಡಲಾರದು.

ಹಾಗಾದರೆ ಆ 5 ಮಿ.ಮೀ.? ಟೈರಿಗೆ ಮಳೆಯಲ್ಲಿ ಎರಡು ಕೆಲಸ. ಗೀರುಗಳು ನೀರನ್ನು ಹೊರಗೆ ತಳ್ಳಬೇಕು, ಆಮೇಲೆ ರಬ್ಬರು ರಸ್ತೆಯನ್ನು ಹಿಡಿಯಬೇಕು. ಬಟನ್ ಎಷ್ಟಿದೆ ಅನ್ನೋದು ಮೊದಲನೆಯದನ್ನು ಮಾತ್ರ ಹೇಳುತ್ತೆ. ಒದ್ದೆ ರಸ್ತೆಯಲ್ಲಿ ರಬ್ಬರು ಜಲ್ಲಿಯ ಮೇಲಿನ ಉಪ್ಪುಕಾಗದದಂಥ ತರಿಯೊಳಗೆ ಇಳಿದರೆ ಮಾತ್ರ ಹಿಡಿತ. ವರ್ಷಗಟ್ಟಲೆ ಶಾಖ, ಬಿಸಿಲು, ಓಝೋನ್ ತಿಂದ ರಬ್ಬರು ಗಟ್ಟಿಯಾಗಿ ತರಿಯ ತುದಿಯ ಮೇಲೇ ತೇಲುತ್ತೆ. ಒಣ ರಸ್ತೆಯಲ್ಲಿ 265 ಮಿ.ಮೀ. ಅಗಲದ ಟೈರ್ ಈ ದೋಷವನ್ನು ಮುಚ್ಚಿಹಾಕುತ್ತೆ. ನನ್ನ ಹಿಂದಿನ ಟೈರಿನ ಮೇಲಿದ್ದದ್ದು 1411, ಅಂದರೆ 2011ರ 14ನೇ ವಾರ. ಘಾಟಿ ಇಳಿದದ್ದು 2019ರಲ್ಲಿ. ಆಮೇಲೆ ರಬ್ಬರಿನ ಗಡಸುತನ ಅಳೆಯೋ ಶೋರ್ ಎ ಡ್ಯೂರೋಮೀಟರ್ ತರಿಸಿ ನೆರಳಲ್ಲಿ ಚುಚ್ಚಿ ನೋಡಿದರೆ ಮುಂದೆ 64, ಹಿಂದೆ 78. ನೀವು ಅಳೆದರೂ ಎಲ್ಲೋ ಓದಿದ ಅಂಕಿಗೆ ಹೋಲಿಸಬೇಡಿ, ನಿಮ್ಮದೇ ಮುಂದಿನ ಟೈರಿಗೆ ಹೋಲಿಸಿ, ಎರಡೂ ಒಂದೇ ತಾಪದಲ್ಲಿರಲಿ. ಮೀಟರ್ ಇಲ್ಲದಿದ್ದರೆ ಹೆಬ್ಬೆರಳಿನ ಉಗುರು ಒತ್ತಿ. ಮುಂದಿನದರಲ್ಲಿ ಉಗುರು ಕೂತು, ಹಿಂದಿನದರಲ್ಲಿ ಜಾರಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಎರಡೇ ಟೈರ್ ಕೊಳ್ಳೋದಾದರೆ ಹೊಸದು ಹಿಂದಕ್ಕೇ ಹೋಗಬೇಕು, ಮುಂದಿನ ಚಕ್ರದಿಂದ ಓಡೋ ಸಾದಾ ಕಾರಿಗೂ ಇದೇ ಮಾತು. ನಮ್ಮ ಕಾರಿನಲ್ಲಿ ಹಿಂದು-ಮುಂದಿನ ಅಳತೆ ಬೇರೆ, ಅದಲು ಬದಲು ಮಾಡೋಕಾಗಲ್ಲ. ಹಾಗಾಗಿ ಹಿಂದಿನದು ಬರೋವರೆಗೆ ಕಾಯಿರಿ, ಅಥವಾ ನಾಲ್ಕೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಮಾದರಿ. ಮಳೆಗೆ ಓಡಿಸೋ ಅಗಲ ಟೈರನ್ನು ನಾನು 3 ಮಿ.ಮೀ.ಗೆ ಬಿಸಾಕ್ತೀನಿ, 1.6 ನೋಡ್ತಾ ಕೂರಲ್ಲ. ಅಳೆಯುವಾಗ ಒಳ, ನಡು, ಹೊರ ಮೂರೂ ಕಡೆ ಅಳೆಯಿರಿ. ಹಿಂದಿನ ಚಕ್ರ ಮೇಲ್ಗಡೆ ಒಳಕ್ಕೆ ವಾಲಿರೋದರಿಂದ ಹೊರಗಿಂದ ಹೊಸದರಂತೆ ಕಾಣೋ ಟೈರಿನ ಒಳಅಂಚು ಬೋಳಾಗಿರಬಹುದು.

ಇನ್ನು ನಿಮ್ಮ ಎರಡು ಅಲೈನ್‌ಮೆಂಟ್. ಪ್ರಿಂಟ್ ಇದೆಯಾ? ಬಹಳ ಕಡೆ ಮುಂದಿನ ಟೋ (ಮೇಲಿಂದ ನೋಡಿದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಒಂದನ್ನು ಸರಿಮಾಡಿ ಬಿಲ್ ಕೊಡ್ತಾರೆ. ಹೊಸ ಟೈರ್ ಹಾಕಿಸಿದ ದಿನದ್ದೇ ಪ್ರಿಂಟ್ ನನ್ನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಮಡಚಿಟ್ಟಿತ್ತು. ಘಾಟಿಯ ನಂತರ ಬಿಚ್ಚಿ ನೋಡಿದೆ. ಹಿಂದಿನ ಟೋ ಎಡ ಮೈನಸ್ 0.08 ಡಿಗ್ರಿ, ಬಲ ಪ್ಲಸ್ 0.20, ಒಟ್ಟು ಪ್ಲಸ್ 0.12. ಒಟ್ಟಿನ ಸಾಲು ಹಸಿರು, ಅಂದರೆ ಮಿತಿಯೊಳಗೆ. ಹುಡುಗ ಆ ಹಸಿರಿನ ಮೇಲೆ ಬೆರಳಿಟ್ಟು ತೋರಿಸಿದ್ದ, ನಾನು ತಲೆಯಾಡಿಸಿದ್ದೆ. ಮೈನಸ್ ಅಂದರೆ ಎಡ ಚಕ್ರದ ಮೂತಿ ಹೊರಕ್ಕೆ ತಿರುಗಿದೆ ಅಂತ. ಬಲ ತಿರುವಿನಲ್ಲಿ ಭಾರವೆಲ್ಲ ಬೀಳೋದು ಅದೇ ಎಡ ಚಕ್ರದ ಮೇಲೆ, ಅದು ಹಿಂಭಾಗವನ್ನು ಹೊರಗೆ ಎಳೀತಿತ್ತು. ಹಿಂದೆ ಎರಡೂ ಬದಿ ಪ್ಲಸ್ ಇರಬೇಕು, ಎರಡೂ ಸಮ ಇರಬೇಕು. ಇಲ್ಲದಿದ್ದರೆ ಥ್ರಸ್ಟ್ ಆ್ಯಂಗಲ್ ಹುಟ್ಟುತ್ತೆ, ಅಂದರೆ ಹಿಂದಿನ ಚಕ್ರಗಳು ಕಾರನ್ನು ನೇರಕ್ಕಲ್ಲ, ಓರೆಗೆ ತಳ್ಳುತ್ವೆ, ನನ್ನದು 0.14 ಇತ್ತು. ಇದೊಂದೇ ಆಗಿದ್ದರೆ ಒಳ್ಳೆ ಟೈರ್ ನುಂಗಿಕೊಳ್ತಿತ್ತು ಅನ್ನೋದು ನನ್ನ ಅಂದಾಜು.

ಅಲೈನ್‌ಮೆಂಟಿಗೆ ಮುಂಚೆ ಸಡಿಲ ನೋಡಿ, ಇಲ್ಲದಿದ್ದರೆ ಎಷ್ಟು ಸಲ ಮಾಡಿಸಿದರೂ ವ್ಯರ್ಥ. ಚಕ್ರ ಎತ್ತಿಸಿ, ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಟಕ್ ಅಂದರೆ ಹಿಂದೆ ಟೋ ಲಿಂಕ್, ಮುಂದೆ ಟೈ ರಾಡ್. ಮೇಲೆ-ಕೆಳಗೆ ಹಿಡಿದಾಗ ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಚಕ್ರವನ್ನು ಕಾರಿಗೆ ಜೋಡಿಸೋ ಕಂಟ್ರೋಲ್ ಆರ್ಮಿನ ರಬ್ಬರ್ ಬುಷ್ ಚಕ್ರ ನೇತಾಡುವಾಗ ಸರಿ ಕಾಣುತ್ತೆ, ಸಣ್ಣ ಹಾರೆ ಕೊಟ್ಟು ಮೀಟಿದರೆ ಸೀಳು ಬಾಯಿ ಬಿಡುತ್ತೆ. ಬುಷ್ ಬದಲಿಸಿದರೆ ಬೋಲ್ಟಿನ ಕೊನೆಯ ಬಿಗಿತ ಕಾರು ನಾಲ್ಕು ಚಕ್ರದ ಮೇಲೆ ನಿಂತಿರೋ ಎತ್ತರದಲ್ಲಿ ಆಗಬೇಕು. ಲಿಫ್ಟಿನ ಮೇಲೆ ಚಕ್ರ ನೇತಾಡುವಾಗಲೇ ಬಿಗಿದರೆ ಕೆಳಗಿಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ.

ಗಾಳಿಯನ್ನು ನಿಮ್ಮದೇ ಗೇಜ್‌ನಲ್ಲಿ, ಬೆಳಿಗ್ಗೆ ಕಾರು ಹೊರಡೋ ಮುಂಚೆ ನೋಡಿ: ಮುಂದೆ 29, ಹಿಂದೆ 36 ಪಿಎಸ್‌ಐ. ಬಂಕಿನವರು ನಾಲ್ಕಕ್ಕೂ 35 ಹೊಡೀತಾರೆ. ಆ 7 ಪಿಎಸ್‌ಐ ಅಂತರ ಕಾರಿನ ಸಮತೋಲದ ಭಾಗ, ಅದನ್ನು ಅಳಿಸಿಹಾಕಿ ಶಾಕ್ ಬೈಯೋದು ನ್ಯಾಯವಲ್ಲ. ನೈಟ್ರೋಜನ್ ಆದರೂ ಸರಿ, ಸಾದಾ ಗಾಳಿ ಆದರೂ ಸರಿ. ಸಾದಾ ಗಾಳಿಯಲ್ಲೂ ನೂರಕ್ಕೆ 78 ಭಾಗ ನೈಟ್ರೋಜನ್ನೇ.

ಯಾವಾಗ ಜಾರುತ್ತೆ ಅನ್ನೋದನ್ನು ನೀವು ಬರೆದೇ ಇಲ್ಲ, ಅದು ಬಹಳ ಮುಖ್ಯ. ನೇರ ರಸ್ತೆಯಲ್ಲಿ ನಿಂತ ನೀರಿನ ಮೇಲೆ ಸ್ಟೀರಿಂಗ್ ಹಗುರಾದರೆ ಕಾರು ನೀರಿನ ಮೇಲೆ ತೇಲ್ತಿದೆ. ನಾಸಾದವರು ವಿಮಾನದ ಟೈರಿಗೆ ಕಂಡುಕೊಂಡ ಸೂತ್ರ ಒಂದಿದೆ: ಪಿಎಸ್‌ಐಯ ವರ್ಗಮೂಲವನ್ನು ಸುಮಾರು 16.6ರಿಂದ ಗುಣಿಸಿದರೆ ತೇಲೋ ವೇಗ ಗಂಟೆಗೆ ಕಿ.ಮೀ.ನಲ್ಲಿ ಬರುತ್ತೆ. 36ಕ್ಕೆ 100, ಗಾಳಿ ಇಳಿದು 25 ಆದರೆ 83. ಕಾರಿಗೆ ಇದು ಒರಟು ಲೆಕ್ಕ, ಆದರೂ ಗಾಳಿ ಯಾಕೆ ಮುಖ್ಯ ಅನ್ನೋದಕ್ಕೆ ಸಾಕು. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಜಾರಿದರೆ ಟೈರು, ಇಲ್ಲವೇ ನಿಮ್ಮ ಬಲಗಾಲು. ಕಾಲು ತೆಗೆದಾಗ ಜಾರಿದರೆ ಟೈರು ಮತ್ತು ಹಿಂದಿನ ಟೋ. ಫ್ಲೈಓವರ್ ಜಾಯಿಂಟ್ ದಾಟುವಾಗ ಪಕ್ಕಕ್ಕೆ ಹಾರಿದ ಹಾಗಾದರೆ ಲಿಂಕು, ಬುಷ್ಷು. ಜಾಯಿಂಟ್ ದಾಟಿದ ಮೇಲೂ ಎರಡು ಮೂರು ಸಲ ತೂಗಾಡಿದರೆ ಆಗ ಮಾತ್ರ ಶಾಕ್ ಮಾತು ಎತ್ತಿ.

ಹಿಂದೆ ದಪ್ಪ ಬಾರ್ ಹಾಕಿಸೋದಂತೂ ಉರಿಯೋ ಬೆಂಕಿಗೆ ತುಪ್ಪ. ಬಾರ್ ಗಟ್ಟಿಯಾದಷ್ಟೂ ತಿರುವಿನಲ್ಲಿ ಹಿಂದಿನ ಒಳಚಕ್ರದ ಭಾರ ಹೊರಚಕ್ರಕ್ಕೆ ವರ್ಗವಾಗುತ್ತೆ, ಎರಡೂ ಸೇರಿ ಕೊಡೋ ಒಟ್ಟು ಹಿಡಿತ ಕಡಿಮೆಯಾಗುತ್ತೆ. ನಿಮಗೆ ಹಿಂದೆ ಕೊರತೆ ಇರೋದೇ ಅದು.

ಹೊಸ ಟೈರ್ ಬಂದ ಮೇಲೆ ಚಕ್ರದ ಬೋಲ್ಟ್‌ಗಳನ್ನು ಟಾರ್ಕ್ ರೆಂಚಲ್ಲಿ 130 ನ್ಯೂಟನ್ ಮೀಟರ್‌ಗೆ ಬಿಗಿಸಿ, ಗನ್ನಲ್ಲಿ ಮುಗಿಸೋಕೆ ಬಿಡಬೇಡಿ. ಮೊದಲ 200-300 ಕಿ.ಮೀ. ಮೇಲ್ಪದರ ಇನ್ನೂ ನುಣುಪಾಗಿರುತ್ತೆ, ಆ ಸಮಯದಲ್ಲಿ ಜಾರಿತು ಅಂತ ತೀರ್ಮಾನಕ್ಕೆ ಬರಬೇಡಿ.

ಹಿಂದಿನ ಎರಡೂ ಟೈರಿನ ನಾಲ್ಕಂಕಿ, ಮೂರು ಕಡೆ ಅಳೆದ ಬಟನ್, ಅಲೈನ್‌ಮೆಂಟ್ ಪ್ರಿಂಟಿನಲ್ಲಿ ಹಿಂದಿನ ಒಂದೊಂದು ಚಕ್ರದ ಟೋ, ಇಷ್ಟನ್ನು ಕಾಮೆಂಟಿನಲ್ಲಿ ಹಾಕಿ. ಒಟ್ಟಿನ ಸಾಲು ಬೇಡ.